ಆಳಂದ ಮೋಟಾರಿನ ತಬಿಯತ್ ವಹಿ

ಮೋಟಾರಿನ ಕೆಲಸದಾಗ ನಗೂ ಮಾತು ಹುಡುಕ್ಕೊಂಡು ಹೋಗೂದು ಬೇಕಾಗಿಲ್ಲ. ಸೀಟಿ ಹೊಡದು ಗಾಡಿ ಬಿಟ್ರ ಸಾಕು, ಅದೇ ಓಡಿ ಬಂದು ಹತ್ತಿ ಕೂಡ್ತದ, ಟಿಕೀಟೂ ತಗೊಳ್ಳೂದಿಲ್ಲ.

ನಾ ಕಲಬುರ್ಗಿ-ಆಳಂದ ಸರ್ಕಾರಿ ಮೋಟಾರಿನ ಕಂಡಕ್ಟರ್ ಇದ್ದೆ. ನಿಜಾಮರ ಕಾಲ, ಅದರಾಗ ದೊಡ್ಡ ಲಡಾಯಿ ಬ್ಯಾರೆ ನಡದಿತ್ತು. ಪೆಟ್ರೋಲ್ ಸಿಗವಲ್ಲದು ಅಂತ ಮೋಟಾರಿನ ಬೆನ್ನಿಗಿ ಆಳೆತ್ತರದ ಕಬ್ಬಿಣದ ಒಲಿ ಕಟ್ಟಿದ್ರು. ಅದರಾಗ ಇದ್ದಲಿ ತುಂಬಿ, ಗಾಳಿ ತಿರುವಿ ಉರಿ ಹಚ್ಚಿದ್ರ ಅದರ ಹೊಗಿಮ್ಯಾಲೆ ಗಾಡಿ ಓಡ್ತಿತ್ತು. ಒಲಿ ನೋಡ್ಕೊಳ್ಳೂದು ಕಂಡಕ್ಟರನ ಪಾಲಿನ ಕೆಲಸ. ಗಾಡಿ ನಡಸಾವ್ರು ಚಾಚಾ. ಬಿಳಿ ಗಡ್ಡದ ಹಿರೀ ಮನಷ್ಯಾ, ಆಳಂದದಾಗ ಅವರ ಮನಿ, ಹೆಂಡತಿ, ಲಗ್ನಕ್ಕ ಬಂದ ಮಗಳು.

ನನ್ನ ಊರು ಜೇವರ್ಗಿ ಕಡಿ ಇಜೇರಿ. ಅವ್ವ ಇರೂತನಾ ಅಲ್ಲಿ ಮನಿ ಇತ್ತು, ಅವ್ವ ಹೋದಮ್ಯಾಲೆ ಬರೇ ಗ್ವಾಡಿ ಉಳದ್ವು. ಆಳಂದದಾಗ ಒಂದು ಖೋಲಿ ಹಿಡದಿದ್ದೆ. ಲಗ್ನ ಆಗಿರಲಿಲ್ಲ. ಹೆಣ್ಣು ಕೇಳಾಕ ಹೋದ್ರ, "ದಿನಾ ಹಾದಿಮ್ಯಾಲೆ ಇರಾಂವ, ಇವನ್ನ ಯಾವೂರ ಅಳಿಯಾ ಅನ್ನೂದು?" ಅಂತಿದ್ರು. ನೂರು ಮಂದಿ ನನ್ನ ಕಣ್ಣ ಮುಂದ ಹತ್ತಿ ಇಳೀತಿದ್ರು. ಕೇಳೂದು ಎರಡೇ ಮಾತು: "ಯಾವಾಗ ಬಿಡ್ತೀರಿ?" "ಯಾವಾಗ ಮುಟ್ತೀವಿ?" ಸಂಜಿಗಿ ಖೋಲಿ ಕೀಲಿ ತಗದ್ರ ಆ ಎರಡು ಮಾತೂ ಕೇಳಾವ್ರಿಲ್ಲ. ಇದನ್ನ ಮೊದಲೇ ಹೇಳಿಬಿಡ್ತೇನಿ, ಮುಂದಿನ ಫಜೀತಿ ಎಲ್ಲಾ ಹುಟ್ಟಿದ್ದು ಇದರಿಂದನೇ.

೧. ಮೂವತ್ತರ ತನಕ ಠೀಕ್

ಎಲ್ಲೋ ಒಬ್ಬ ಡ್ರೈವರಗ ಕುಂತಲ್ಲೇ ಕಣ್ಣು ಹತ್ತಿ, ಮೋಟಾರು ತೊಗರಿ ಹೊಲಕ್ಕ ನುಗ್ಗಿತಂತ. ಯಾರಿಗೂ ಏನೂ ಆಗಲಿಲ್ಲ, ತೊಗರಿ ಅಷ್ಟೇ ಹೋತು. ಆದ್ರ ಅವತ್ತಿನಿಂದ ನಮ್ಮ ದೊಡ್ಡ ಸಾಹೇಬ್ರ ನಿದ್ದಿನೂ ಹೋತು. "ಇನ್ನ ಮ್ಯಾಲೆ ಡ್ರೈವರ್, ಕಂಡಕ್ಟರ್ ದಿನಾ ತಮ್ಮ ತಬಿಯತ್ ಹ್ಯಾಂಗದ ಅಂತ ಡಿಪೋದಾಗ ಬರಸ್ಬೇಕು. ಜ್ವರ, ನೋವು, ನಿದ್ದಿಗೇಡು, ದಣಿವು, ಏನಿದ್ರೂ ಮುಚ್ಚಿಡಬಾರ್ದು" ಅಂತ ಹುಕುಂ ಹೊಂಟಿತು. ಉದ್ದನ್ನ ವಹಿ ಬಂತು. ಒಬ್ಬೊಬ್ಬರ ಹೆಸರಿನ ಮುಂದ ದಿನಕ್ಕೊಂದು ಖಾನಾ ಗೆರಿ ಹೊಡದಿತ್ತು, ಕಡೀ ಹಾಳ್ಯಾಗ ಜ್ವರ, ನೋವು, ದಣಿವು ಅಂತ ಬ್ಯಾನಿಗೊಂದು ಖಾನಾ ಬ್ಯಾರೆ ಇತ್ತು. ಅದೇ ತಬಿಯತ್ ವಹಿ.

ನನಗಂತೂ ಖುಷಿ ಆತು ನೋಡ್ರಿ. ಅವ್ವ ಹೋದಮ್ಯಾಲೆ "ಹ್ಯಾಂಗಿದ್ದೀಪಾ?" ಅಂತ ನನ್ನ ಕೇಳಿದ್ದು ಆ ವಹಿ ಒಂದೇ.

ವಹಿ ಬರ್ಯಾವ್ರು ಕಲಬುರ್ಗಿ ಡಿಪೋದ ಮುನ್ಸಿ. ಒಂದಿನ ಥಂಡಿಜ್ವರ ಬಂದು ಹಲ್ಲು ಕಟಕಟ ಅನ್ನಾಕತ್ತಿದ್ವು. ಕಂಬಳಿ ಹೊತ್ಕೊಂಡೇ ಹೋಗಿ ನಿಂತೆ. "ಮುನ್ಸೀಜಿ, ಇವತ್ತು ನನ್ನ ಖಾನಾದಾಗ ಜ್ವರ ಅಂತ ಬರೀರಿ."

ಅವ್ರು ವಹಿ ತಗದ್ರು, ಮೂಗಿನ ಮ್ಯಾಲೆ ಚಾಳೀಸು ಏರಿಸಿದ್ರು, ನನ್ನ ಹೆಸರಿನ ಮ್ಯಾಲೆ ಬೆರಳಿಟ್ಟು ಆ ಕಡಿಂದ ಈ ಕಡಿ ಎಳದ್ರು. "ಆಗೂದಿಲ್ಲ. ನಿಂದು ಮೂವತ್ತರ ತನಕ ಠೀಕ್ ಅಂತ ಬರದಾಗೇದ."

"ಇವತ್ತಿನ್ನೂ ಹನ್ನೊಂದ್ರಿ!"

"ದಿನಾ ಅದೇ ಮಾತು ಎಷ್ಟು ಸಲ ಬರೀಲಿ? ಒಂದನೇ ತಾರೀಖಿಗೇ ಎಲ್ಲಾರದೂ ಕೂಡೇ ಬರದು ಕೈ ತೊಳಕೊಂಡುಬಿಡ್ತೀನಿ. ನಿನಗ ಬ್ಯಾನಿ ಬೀಳೂದಿದ್ರ ಮುಂದಿನ ತಿಂಗಳ ಒಂದನೇ ತಾರೀಖಿಗಿ ಲಗೂನೇ ಬಾ."

೨. ಎಚ್ಚರಿಕಿ ಮಾತು

ಸಾಹೇಬ್ರು ಅಷ್ಟಕ್ಕೇ ಬಿಡಲಿಲ್ಲ. ಗಾಡಿ ಬಿಡೂಕಿಂತ ಮೊದಲ ಕಂಡಕ್ಟರ್ ಎದ್ದು ನಿಂತು ಮಂದಿಗಿ ಎಚ್ಚರಿಕಿ ಹೇಳ್ಬೇಕು ಅಂತ ಇನ್ನೊಂದು ಹುಕುಂ ಕಳಿಸಿದ್ರು. ನಾ ಎಲ್ಲಾ ಬಾಯಿಪಾಠ ಮಾಡಿ, ಟೊಪಗಿ ಸರಿ ಮಾಡ್ಕೊಂಡು, ಕೈ ಆಡಿಸ್ಕೋತ ಶುರು ಹಚ್ಕೊಂಡೆ.

"ಅವ್ವಗೋಳಿರಾ, ಅಣ್ಣಗೋಳಿರಾ. ತಲಿ ಹೊರಗ ಹಾಕಬ್ಯಾಡ್ರಿ, ಗಿಡದ ಟೊಂಗಿ ಬಡೀತದ. ಓಡೂ ಗಾಡ್ಯಾಗಿಂದ ಜಿಗೀಬ್ಯಾಡ್ರಿ, ಕಾಲು ಮುರೀತದ. ಹಿಂದಿನ ಒಲಿ ಮುಟ್ಟಬ್ಯಾಡ್ರಿ, ಕೈ ಸುಡ್ತದ. ಹೊಗಿ ಒಳಗ ಬಂದ್ರ ಮೂಗು ಮುಚ್ಕೋರಿ, ತಲಿ ತಿರಗ್ತದ. ಬೆಂಕಿ ಹತ್ತಿದ್ರ ಒಬ್ಬರ ಮ್ಯಾಲೊಬ್ರು ಬೀಳಬ್ಯಾಡ್ರಿ, ಸಾಲಾಗಿ ಇಳೀರಿ."

ಅಷ್ಟು ಮಂದಿ ಬಾಯಿ ಮುಚ್ಚಿ ನನ್ನ ಮಾತು ಕೇಳಿದ್ದು ಜಲ್ಮದಾಗ ಅದೇ ಮೊದಲ. ಎದಿ ಉಬ್ಬಿ ಬಂತು. ಮುಗಿಸಿ ಟಿಕೀಟಿನ ಕಟ್ಟು ತಗದು ತಿರುಗಿ ನೋಡ್ತೀನಿ, ಮಂದಿ ಗಂಟು-ಮೂಟಿ ತಗೊಂಡು ಸಾಲಾಗಿ ಇಳ್ಯಾಕತ್ತಾರ!

ಎಲ್ಲಾರ ಹಿಂದ ಇದ್ದಾಕಿ ನಮ್ಮ ಬೆಣ್ಣಿ ಆಯಿ. ದಿನಾ ಮುಂಜಾನಿ ಆಳಂದದಿಂದ ಬೆಣ್ಣಿ ತಂದು, ಕಲಬುರ್ಗ್ಯಾಗ ಮಾರಿ, ಮಧ್ಯಾಹ್ನ ನಮ್ಮ ಗಾಡಿಗೇ ತಿರುಗಿ ಹೋಗೂ ಮುದುಕಿ. "ಆಯಿ, ನೀ ಯಾಕ ಇಳೀತಿಬೇ? ಈ ಗಾಡಿ ನಿನಗೇನು ಹೊಸಾದೇನು?" ಅಂದೆ.

"ಇಷ್ಟು ದಿನಾ ಏನೂ ಗೊತ್ತಿಲ್ದ ಆರಾಮ ಕುಂತು ಹೋಗ್ತಿದ್ದೆ ಬಿಡಪ್ಪಾ," ಅಂದ್ಳು. ಮೆಟ್ಟಲಾ ಇಳದು ನಿಂತು ನಂದು, ಚಾಚಾರದು ಮಾರಿ ನೋಡಿ ಆಕಿಗಿ ಕರುಣಾ ಬಂತು. "ನೀವೂ ಇಳೀರಿ. ಬಂಡಿ ಹೂಡಾಕ ಹೇಳ್ತೇನಿ, ಕೂಡಿ ಹೋಗೂಣು."

೩. ಕಂಪೌಂಡರ್ ಕೊಟ್ಟ ಸಲಹಾ

ಕುಲುಕಿ ಕುಲುಕಿ ನನ್ನ ನಡಾ ಹಿಡ್ಕೊಂಡಿತ್ತು. ದವಾಖಾನಿಗಿ ಹೋಗಿ ಸಾಲಿನ್ಯಾಗ ನಿಂತೆ. ಖರೇ ಹೇಳ್ಬೇಕಂದ್ರ ನೋವಿಗಿಂತ, ಯಾರರೆ ಮೈಮ್ಯಾಲೆ ಕೈಯಿಟ್ಟು "ಎಲ್ಲಿ ನೋಯ್ತದಪಾ?" ಅಂತ ಕೇಳ್ತಾರಲ್ಲ ಅಂತ ಆಸಿ ಇತ್ತು. ಕಂಪೌಂಡರ್ ತಲಿನೇ ಎತ್ತಲಿಲ್ಲ.

"ಏನು?"

"ನಡಾ ನೋವ್ರಿ."

"ಎರಡು ತಿಂಗಳು ಮೋಟಾರಿನ್ಯಾಗ ಕೂಡಬ್ಯಾಡ."

"ನಾ ಮೋಟಾರಿನ ಕಂಡಕ್ಟರೇ ಇದ್ದೀನ್ರಿ."

ಆವಾಗ ತಲಿ ಎತ್ತಿದ. ನನ್ನ ಖಾಕಿ ಅಂಗಿ, ಚೀಲ, ಸೀಟಿ ಎಲ್ಲಾ ನೋಡಿ ಹೊತ್ತು ತನಕ ವಿಚಾರ ಮಾಡಿದ.

"ಹಂಗಾದ್ರ ನಿಂತ್ಕೋ," ಅಂದ.

೪. ಒಲಿ ತಪಾಸಣಿ

ಇದ್ದಲಿ ಒಲಿಯಿಂದ ಅಪಾಯ ಅದನೋ ಇಲ್ಲೋ ನೋಡಾಕ ಒಂದು ಮಧ್ಯಾಹ್ನ ಸಾಹೇಬ್ರೇ ನಡು ಹಾದಿ ಊರು ಕಡಗಂಚ್ಯಾಗ ಗಾಡಿಗಿ ಕೈ ಅಡ್ಡ ಹಿಡದ್ರು. ಚಾಚಾ ಗಾಡಿ ನಿಲ್ಲಿಸಿದ್ರು. ನಾ ಜಿಗದು ಇಳದು, ಸಾಹೇಬ್ರನ್ನ ಮುಂದಿನ ಕಡೀನೇ ನಿಲ್ಲಿಸಾಕ ನೋಡಿದೆ. ಯಾಕಂದ್ರ ಬೆಣ್ಣಿ ಆಯಿ ಕಲಬುರ್ಗಿ ಬಾಜಾರದಾಗ ಬದನಿಕಾಯಿ ತಗೊಂಡಿದ್ಳು. "ಮನಿಗಿ ಹೋಗಿ ಮತ್ತೊಂದು ಒಲಿ ಯಾಕ ಹಚ್ಚೂದು?" ಅಂತ ಬೂದಿ ಬೀಳೂ ಕಿಂಡ್ಯಾಗ ನಾಕು ಬದನಿಕಾಯಿ ಸುಡಾಕ ಇಟ್ಟಿದ್ಳು. ನಾ ಬ್ಯಾಡ ಅಂದಿದ್ದೆ. "ಭರ್ತ ಮಾಡಿದ್ರ ನಿನಗೂ ಕೊಡ್ತೇನಿ" ಅಂದ್ಳು. ಮಂದಿ ಕೈಯಾಗಿನ ಊಟ ಉಂಡು ಎಷ್ಟು ದಿನಾ ಆಗಿತ್ತೋ ಏನೋ, ನನ್ನ ಬಾಯಿ ತಾನೇ ಮುಚ್ತು.

ಸಾಹೇಬ್ರು ಹಿಂದ ಹೋದ್ರು. ಮೂಗು ಏರಿಸಿದ್ರು. ಕೈಗೋಲಿನಿಂದ ಕಿಂಡಿ ಮುಚ್ಚಳ ಸರಸಾಕ ಹೋದ್ರು. ನಾ ದೇವರ ಮ್ಯಾಲೆ ಭಾರ ಹಾಕಿ ಕಣ್ಣು ಮುಚ್ಚಿದೆ. ಅಷ್ಟರಾಗ ಕಿಡಕ್ಯಾಗಿಂದ ಆಯಿ ತಲಿ ಹೊರಗ ಹಾಕಿ ಒದರಿದ್ಳು:

"ಮುಟ್ಟಬ್ಯಾಡ್ರಿ ಸಾಹೇಬ್ರಾ! ಇನ್ನೂ ಒಂದು ಮಗ್ಗಲಾ ಬೆಂದಿಲ್ಲ!"

೫. ಹಾದಿಗಿ ಸಾಲದ ಬಾಳೇವು

ಟಿಕೀಟು ಕೊಟ್ಟು ಮುಗಿಸಿ ನಾ ಚಾಚಾರ ಎಡಗಡಿ ಸೀಟಿನ್ಯಾಗ ಕೂಡ್ತಿದ್ದೆ. ಚಾಚಾರದು ಮಾತು ಕಮ್ಮಿ, ನನಗ ಮಾತಾಡೂ ರೂಢಿನೇ ತಪ್ಪಿತ್ತು. ಒಂದಿನ ಕಡಗಂಚಿ ದಾಟಿ ನೆಟ್ಟನ್ನ ಹಾದಿ ಬಂತು. ನೋಡ್ತೀನಿ, ಚಾಚಾರ ಕಣ್ಣು ಮುಚ್ಚೇದ! ಗಾಡಿ ಓಡಾಕತ್ತದ, ಹಿಂದ ಮೂವತ್ತು ಜೀವ. ನನಗ ತೊಗರಿ ಹೊಲದ ಸುದ್ದಿ ನೆನಪಾಗಿ ಜೀವ ಬಾಯಿಗಿ ಬಂತು.

"ಚಾಚಾ!"

ಕಣ್ಣು ತಗದ್ರು. "ಏನ್ ಬೇಟಾ?"

ಹಿರ್ಯಾರಿಗಿ ನೀವು ನಿದ್ದಿ ಮಾಡಾಕತ್ತೀರಿ ಅಂತ ಹ್ಯಾಂಗ ಅನ್ನೂದು? "ಏನಿಲ್ರಿ, ನಮ್ಮ ಇಜೇರ್ಯಾಗ ಒಂದು ಎಮ್ಮಿ ಇತ್ರಿ..." ಅಂತ ಶುರು ಮಾಡಿದೆ. ನನ್ನ ಮಾತು ನಡದಷ್ಟು ಹೊತ್ತು ಚಾಚಾರ ಕಣ್ಣು ತೆರದಿತ್ತು, ಮಾತು ನಿಂತ್ರ ಮುಚ್ತಿತ್ತು. ಅವತ್ತಿನಿಂದ ದಿನಾ ನೆಟ್ಟನ್ನ ಹಾದಿ ಬಂದ ಕೂಡಲೇ ಇದೇ ಹಾಡು.

ಎಮ್ಮಿ ಕಥಿ ಎರಡು ದಿನ ಬಂತು. ಅವ್ವನ ಕಥಿ ಮೂರು ದಿನ ಬಂತು. ಆರನೇ ದಿನ ಹೇಳಾಕ ಏನೂ ಉಳೀಲಿಲ್ಲ. ಮೂವತ್ತೈದು ವರ್ಷದ ನನ್ನ ಬಾಳೇವು ಒಂದು ವಾರದ ಹಾದಿಗೂ ಸಾಲಲಿಲ್ಲ ಅಂತ ತಿಳದು ಭಾಳ ಕೆಟ್ಟ ಅನಸ್ತು. ಆದ್ರ ಚಾಚಾರ ಕಣ್ಣು ಮುಚ್ಚಾಕತ್ತಿತ್ತು, ಕೆಟ್ಟ ಅನಸ್ಕೋತ ಕೂಡಾಕ ಹೊತ್ತಿರಲಿಲ್ಲ. ಒಬ್ಬಾಕಿ ಹೆಂಡತಿನ್ನ ಹುಟ್ಟಿಸಿಬಿಟ್ಟೆ.

"ಚಾಚಾ, ನಿಮಗ ಹೇಳಿರಲಿಲ್ಲ. ನಂದು ಲಗ್ನ ಆಗೇದ್ರಿ."

ಸಮಾಧಾನದ ಹೆಂಡತಿ ಆಗಿದ್ರ ಚಾಚಾಗ ಮತ್ತ ನಿದ್ದಿ ಬರ್ತಿತ್ತು, ಅದಕ್ಕ ಜಗಳಗಂಟಿ ಮಾಡಿದೆ. ಆಕಿಗಿ ಒಂದು ಆಡು ಕೊಟ್ಟೆ. ಆಡು ನನ್ನ ಧೋತರ ತಿಂತು, ಆಕಿ ಆಡಿನ ಕಡಿ ನಿಂತು ನನಗೇ ಬೈದ್ಳು. ಹಿಂದಿನ ಮಂದಿನೂ ಕಿವಿ ನಿಗರಿಸಿ ಕೇಳಾಕತ್ರು. ಬೆಣ್ಣಿ ಆಯಿ ಅಂತೂ, "ಧೋತರ ಗೂಟಕ್ಕ ಹಾಕೂದು ಬಿಟ್ಟು ನೆಲದಾಗ ಯಾಕ ಒಗದಿದ್ದಿ? ಆಕಿ ಬೈದದ್ದು ಬರೋಬ್ಬರಿ ಅದ," ಅಂತ ಆಕಿ ಕಡಿ ವಕೀಲಕಿ ಮಾಡ್ತಿದ್ಳು.

ಒಬ್ಬಾಂವ ಆಕಿ ತವರುಮನಿ ಯಾವೂರು ಅಂತ ಕೇಳಿದ. ಅಫಜಲಪುರ ಅಂದೆ. "ನಮ್ಮದೂ ಅದೇ ಊರು, ಯಾರ ಮನೀದು?" ಅಂದ. ಅಫಜಲಪುರ ಅಂದ್ರ ಊರಲ್ಲ, ಆ ಕಡಿ ಹವಳಗಾ ಅಂದೆ. ಮರುದಿನ ಹವಳಗಾದಾವ್ರೇ ಇಬ್ರು ಹತ್ತಿದ್ರು. ಮಾದನಹಿಪ್ಪರಗಾಕ್ಕ ಒಯ್ದೆ, ಅಲ್ಲಿಯವ್ರೂ ಬಂದ್ರು. ಹಿಂಗಾಗಿ ನಮ್ಮ ಮಾವನ ಮನಿ ವಾರಕ್ಕೊಂದು ಸಲ ಊರು ಬಿಡ್ತಿತ್ತು.

ಮಗಳ ಲಗ್ನಕ್ಕ ಬಳಿ ತಂದಾಗ ಚಾಚಾ ನನ್ನ ಕೈಯಾಗೂ ಒಂದು ಪುಡಕಿ ಇಟ್ರು. "ನಿನ್ನ ಹೆಂಡತಿಗಿ. ಹಸರು ಬಳಿ." ಬ್ಯಾಡ ಅಂದ್ರ ಸುಳ್ಳು ಬಯಲಾಗ್ತಿತ್ತು, ತಗೊಂಡೆ. ಯಾರಿಗಿ ಕೊಡ್ಲಿ? ಟಿಕೀಟಿನ ಚೀಲದ ತಳಕ್ಕ ಹಾಕ್ದೆ, ಅಲ್ಲೇ ಉಳದ್ವು. ಇನ್ನೊಂದಿನ ಬಾಜಾರದಾಗ ಮಲ್ಲಿಗಿ ಹೂವಿನ ವಾಸನಿ ಬಂತು. ನಾ ಏನು ಮಾಡಾಕತ್ತೀನಿ ಅಂತ ತಿಳಿಯೂಕಿಂತ ಮೊದಲ ಒಂದು ಮಾಲಿ ಕೊಂಡಿದ್ದೆ. ಖೋಲಿಗಿ ಒಯ್ದು ಅದನ್ನೇ ನೋಡ್ಕೋತ ಕುಂತೆ. ಮುಂಜಾನಿ ತಂದು ಮೋಟಾರಿನ ಲಾಂದ್ರಕ್ಕ ಹಾಕ್ದೆ. ಚಾಚಾ ಅದನ್ನ ನೋಡಿ ಗಾಡಿ ಹತ್ತಿದ್ರು.

ಸುಳ್ಳು ಹೇಳಿ ಹೇಳಿ ನನಗೇ ಅಂಜಿಕಿ ಶುರು ಆತು. ಒಂದು ಸಂಜಿ ಖೋಲಿ ಕೀಲಿ ತಗದು, ಹೊಸ್ತಿಲದಾಗ ನಿಂತು, ಎರಡೂ ಕಾಲು ಒರಸ್ಕೊಂಡೆ. ಇಲ್ಲಂದ್ರ ಆಕಿ ಬೈತಾಳಂತ!

೬. ವಹ್ಯಾಗ ಬಿದ್ದ ಖರೇ ಮಾತು

ಆಮ್ಯಾಲೆ ಒಲಿ ಹೊಗಿ ನುಂಗಿ ನುಂಗಿ ನನ್ನ ಗಂಟಲು ಕಟ್ತು. ಪಿಸಿಪಿಸಿ ಮಾತು ಸೈತ ಬರವಲ್ಲದು. ನೆಟ್ಟನ್ನ ಹಾದಿ ಬಂತು, ಚಾಚಾರ ಕಣ್ಣು ಮುಚ್ತು. ಚೀಲ ಬಡದೆ, ಸೀಟಿ ಊದಿದೆ. ತಗದ್ರು, ಮತ್ತ ಮುಚ್ಚಿದ್ರು. ಹಿಂದ ಒಬ್ಬ ಬಸರ ಹೆಣಮಗಳು ತವರಿಗಿ ಹೊಂಟು ಕುಂತಿದ್ಳು. ಆಳಂದ ಮುಟ್ಟೂತನಾ ನನ್ನ ಜೀವದಾಗ ಜೀವ ಇರಲಿಲ್ಲ.

ಈ ವಯಸ್ಸಿನ್ಯಾಗ ದಿನಾ ಇಷ್ಟು ಹಾದಿ, ಅದರಾಗ ಈ ಹೊಗಿ. ಚಾಚಾ ದಣದಾರ, ಎಂಟು ದಿನ ಮನ್ಯಾಗ ಮಲಗಿದ್ರ ಸುಧಾರಸ್ತಾರ ಅಂತ ಅಂದ್ಕೊಂಡೆ. ಮರುದಿನ ಮುನ್ಸಿ ಚಾ ಕುಡ್ಯಾಕ ಹೋಗಿದ್ದು ನೋಡಿ ವಹಿ ತಗದು, ಚಾಚಾರ ಖಾನಾದಾಗಿನ ಠೀಕ್ ಹೊಡದು, ಉರ್ದು ಬರೂದಿಲ್ಲಂತ ನನಗ ಬರೂ ಕನ್ನಡದಾಗೇ ಬರದೆ: "ಗಾಡಿ ನಡಸುವಾಗ ಚಾಚಾಗ ಕಣ್ಣು ಹತ್ತಾಕತ್ತದ. ಭಾಳ ದಣದಾರ. ಆರಾಮ ಕೊಡ್ರಿ."

ಗಣಪತಿ ಮಾಡಾಕ ಹೋಗಿ ಅವರಪ್ಪನ್ನ ಮಾಡಿದಂಗಾತು. ಮೂರನೇ ದಿನ ಸಾಹೇಬ್ರು ಡಿಪೋಕ್ಕ ಬಂದು ಕುಂತಿದ್ರು, ವಹಿ ತೆರದಿತ್ತು. ನಮ್ಮಿಬ್ಬರನ್ನೂ ಕರಸಿದ್ರು. ನನ್ನ ಗಂಟಲು ಅಷ್ಟೊತ್ತಿಗಿ ಬಿಟ್ಟಿತ್ತು.

ಮೊದಲ ಮುನ್ಸಿ ಸಿಕ್ಕೊಂಡ್ರು. "ಇವತ್ತು ಇಪ್ಪತ್ತು ತಾರೀಖು. ಇಪ್ಪತ್ತೊಂಬತ್ತಕ್ಕ ಇವರೆಲ್ಲಾ ಠೀಕ್ ಇರ್ತಾರಂತ ನಿನಗ ಹ್ಯಾಂಗ ಗೊತ್ತು?"

"ಎಲ್ಲಾ ಮ್ಯಾಲಿನವನ ಮೆಹರ್ಬಾನಿ, ಹುಜೂರ್," ಅಂದ್ರು ಮುನ್ಸಿ.

ಆಮ್ಯಾಲೆ ಸಾಹೇಬ್ರು ಚಾಚಾರ ಕಡಿ ತಿರುಗಿದ್ರು. "ಈ ವಹಿ ಶುರು ಮಾಡಿದಾಗಿಂದ ಇದರಾಗ ಬಿದ್ದ ಖರೇ ಮಾತು ಇದೊಂದೇ. ಗಾಡಿಮ್ಯಾಲೆ ನಿದ್ದಿ ಮಾಡ್ತಿ? ಹಂಗಿದ್ರ ಎದಿಮ್ಯಾಲಿನ ಬಿಲ್ಲಾ ಬಿಚ್ಚಿಡು. ನೌಕರಿ ಇಲ್ಲ."

ಮುಂದಿನ ತಿಂಗಳು ಚಾಚಾರ ಮಗಳ ಲಗ್ನ. "ಸಾಹೇಬ್ರ, ನಾ ಆರಾಮ ಕೊಡ್ರಿ ಅಂತ ಬರದೇನಿ, ಕೆಲಸದಾಗಿಂದ ತಗೀರಿ ಅಂತ ಅಲ್ರಿ!" ಅಂದೆ, ಅಳೂದೊಂದು ಬಾಕಿ. ಚಾಚಾ ನನಗ 'ಸುಮ್ಮನಿರು' ಅಂತ ಕೈ ಸನ್ನಿ ಮಾಡಿದ್ರು.

"ಹುಜೂರ್, ನನ್ನ ಎಡಕ್ಕ ಬಂದು ನಿಂದರ್ರಿ," ಅಂದ್ರು. ಸಾಹೇಬ್ರು ನಿಂತ್ರು. "ನನ್ನ ಕಣ್ಣು?"

"ಮುಚ್ಚೇದ."

"ಈಗ ಬಲಕ್ಕ ಬರ್ರಿ."

ಸಾಹೇಬ್ರು ಸುತ್ತು ಹಾಕಿ ಬಂದು ಬಗ್ಗಿ ನೋಡಿದ್ರು. ಬಲಗಣ್ಣು ಲಾಂದ್ರದಂಗ ತೆರದಿತ್ತು. "ಮುನ್ಸೀಜಿ ಗಡ್ಡಕ್ಕ ಚಾ ಹತ್ತೇದ," ಅಂದ್ರು ಚಾಚಾ. ಮುನ್ಸಿ ಗಡಬಡಿಸಿ ಗಡ್ಡ ಒರಸ್ಕೊಂಡ್ರು. ಸಾಹೇಬ್ರು ಮತ್ತೊಮ್ಮೆ ಎಡಕ್ಕ ಹೋದ್ರು, ಮತ್ತ ಬಲಕ್ಕ ಬಂದ್ರು.

"ಏನಿದು ಖೇಲು?"

"ಹುಜೂರ್, ಹಾದಿಮ್ಯಾಲೆ ನಾ ಒಂದು ದಿನಾನೂ ನಿದ್ದಿ ಮಾಡಿಲ್ಲ. ಈ ಕಂಡಕ್ಟರ್ ಎಡಕ್ಕ ಕೂಡ್ತಾನ, ಇವನ ಕಡಿ ಕಣ್ಣೊಂದೇ ಮುಚ್ತಿದ್ದೆ. ಇವಗ ಮನ್ಯಾಗ ಯಾರೂ ಇಲ್ಲ. ಸಂಜಿಗಿ ಇಳದ್ರ ಮುಂಜಾನಿ ತನಕ ಯಾರ ಕೂಡಾನೂ ಮಾತಿಲ್ಲ. ಹಿಂಗೇ ಬಿಟ್ರ ಮಾತೇ ಮರೀತಾನ ಅನಸ್ತು. ನಾ ಕಣ್ಣು ಮುಚ್ಚಿದ್ರ ಅಂಜಿ ಮಾತಾಡ್ತಾನ. ಅದಕ್ಕ ಮುಚ್ತಿದ್ದೆ."

ನಾಚಿಕಿನೂ ಆತು, ಅಳೂನೂ ಬಂತು.

"ಯಾರೂ ಇಲ್ಲ ಅಂತಿ. ಇವನ ಹೆಂಡತಿ ಜಗಳಗಂಟಿ ಅಂತ ಹಾದಿ ತುಂಬ ಸುದ್ದಿ ಅದ?" ಅಂದ್ರು ಸಾಹೇಬ್ರು.

"ಆ ಹೆಂಡತಿಗಿ ನಾ ಬಳಿ ಕೊಟ್ಟು ನಾಕು ತಿಂಗಳಾತು, ಹುಜೂರ್. ಇನ್ನೂ ಇವನ ಚೀಲದಾಗೇ ಅವ. ತಗ್ಗು ಬಂದಾಗೊಮ್ಮೆ ಝಣಝಣ ಅಂತಾವ."

ಎಲ್ಲಾರೂ ನನ್ನ ಚೀಲ ನೋಡಿದ್ರು. ನಾ ಚೀಲ ಬಿಗಿಯಾಗಿ ಅವಚ್ಕೊಂಡೆ. ಒಳಗ ಬಳಿ ಝಣ್ ಅಂದ್ವು.

ಸಾಹೇಬ್ರು ತಿರುಗಿ ಹೋಗಿ ವಹಿ ಮುಂದ ಕುಂತ್ರು. ಮುನ್ಸಿ ಮೆಲ್ಲಕ ಕೇಳಿದ್ರು, "ಏನಂತ ಬರೀಲಿ ಹುಜೂರ್?"

"ಡ್ರೈವರ್ ಠೀಕ್ ಅಂತ ಬರಿ. ಇನ್ನ ಮ್ಯಾಲೆ ಎರಡೂ ಕಣ್ಣು ತೆರದು ನಡಸಂತ ಬರಿ."

"ಕಂಡಕ್ಟರಂದು?"

"ಅವನ ಬ್ಯಾನಿ..." ಸಾಹೇಬ್ರು ವಹಿ ಹಾಳಿ ತಿರುವಿ ತಿರುವಿ ನೋಡಿದ್ರು. ಜ್ವರದ್ದು ಇತ್ತು, ನೋವಿಂದಿತ್ತು, ದಣಿವಿಂದಿತ್ತು. "ಇದಕ್ಕ ಖಾನಾ ಇಲ್ಲ," ಅಂದು ವಹಿ ಮುಚ್ಚಿದ್ರು.

ಅವತ್ತಿನ ಗಾಡಿ ಅರ್ಧ ತಾಸು ತಡಾ ಆಗಿತ್ತು. ಮಂದಿ ಹತ್ತಿ ಕುಂತಿದ್ರು, ಸುದ್ದಿ ನಮಗಿಂತ ಮೊದಲ ಅಲ್ಲಿ ಮುಟ್ಟಿತ್ತು. ನಾ ತಲಿ ತಗ್ಗಿಸಿ ಟಿಕೀಟು ಕೊಟ್ಟೆ. ಯಾರೂ ನಗಲಿಲ್ಲ. ಚಾಚಾರ ಎಡಕ್ಕ ಬಂದು ಕುಂತೆ. ಚಾಚಾ ಎರಡೂ ಕಣ್ಣು ದೊಡ್ಡದು ಮಾಡಿ ಹಾದಿ ನೋಡಾಕತ್ತಿದ್ರು.

"ಹೂಂ, ಹೇಳು," ಅಂದ್ರು.

"ಏನು ಹೇಳ್ಲಿ ಚಾಚಾ? ಆಕಿ ಇಲ್ಲ ಅಂತ ಈಗ ಎಲ್ಲಾರಿಗೂ ಗೊತ್ತಾತಲ್ರಿ."

"ಅದು ಸಾಹೇಬ್ರ ವಹಿ ಮಾತಾತು. ನಿನ್ನ ಗಂಟಲು ಕಟ್ಟೂಕಿಂತ ಮೊದಲ ಆಕಿ ಸಿಟ್ಟಿಗೆದ್ದು ಆಡು ಹೊಡ್ಕೊಂಡು ತವರಿಗಿ ಹೊಂಟಿದ್ಳು. ಅರ್ಧ ಹಾದ್ಯಾಗ ಆಡು ತಪ್ಪಿಸ್ಕೊಂಡಿತ್ತು. ಮುಂದೇನಾತು?"

ಹಿಂದಿನಿಂದ ಬೆಣ್ಣಿ ಆಯಿ ನನ್ನ ಬೆನ್ನಿಗಿ ಗುದ್ದಿದ್ಳು. "ಹೇಳಲೇ ಮೂಳಾ! ನಾಕು ದಿನ ಆತು, ಆ ಆಡಿನ ಚಿಂತ್ಯಾಗ ನನ್ನ ಕಣ್ಣಿಗಿ ನಿದ್ದಿಲ್ಲ!"

ನಾ ಸೀಟಿ ಹೊಡದೆ. ಗಂಟಲು ಸರಿ ಮಾಡ್ಕೊಂಡೆ.

"ಆಡು ಸಿಕ್ತ್ರಿ," ಅಂದೆ.

"ಆಕಿ?"

"ಆಕಿ ಇನ್ನೂ ಸಿಟ್ಟಿನ್ಯಾಗೇ ಇದ್ದಾಳ್ರಿ."

"ಹಂಗಾದ್ರ ಕಥಿ ಆಳಂದ ತನಕ ಆಗ್ತದ ಬಿಡು," ಅಂದು ಚಾಚಾ ಗಾಡಿ ಬಿಟ್ರು.